ಸಬ್ಹಾಳ ಎದೆಪಟ್ಟಿ

ಬೈತ್ ಸವ್ವಾನಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ನೀಲಿ ಬಾನಿ ಮುನಿಸಿಕೊಂಡಿತೆಂದರೆ ಊರಲ್ಲಿ ಒಂದು ಸುಳ್ಳು ಹುಟ್ಟುತ್ತಿತ್ತು. ಬಾನಿಯೊಳಗಿನ ನೀರಿಗೆ ಜೀವವಿದೆ; ಅದಕ್ಕೆ ಖರ್ಜೂರದ ಸಿಹಿಯೂ ಬೇಕು, ಸುಣ್ಣದ ಉರಿಯೂ ಬೇಕು, ಇವೆರಡೂ ಸಾಲದಾದಾಗ ಊರವರ ಬಾಯಲ್ಲಿ ಒಂದು ಹಸಿ ಸುಳ್ಳೂ ಓಡಾಡಬೇಕು ಎಂದು ಬಣ್ಣದವರು ತಲೆತಲಾಂತರದಿಂದ ನಂಬಿಕೊಂಡು ಬಂದಿದ್ದರು. ಅದ್ದಿ ತೆಗೆದ ಬಟ್ಟೆ ನೀಲಿ ಹಿಡಿಯದೆ ಬೂದಿ ಬಳಿದಂತೆ ಕಂಡ ದಿನ ಮಸ್ಊದ್ ಮೊಣಕೈವರೆಗೆ ನೀಲಿಗಟ್ಟಿದ ಕೈಗಳನ್ನು ಒರೆಸಿಕೊಳ್ಳುತ್ತ ಮಗಳನ್ನು ಕೂಗುತ್ತಿದ್ದ.

"ತಮಾಮ್, ಹೋಗಿ ಊರಿಗೊಂದು ಬಿಟ್ಟು ಬಾರಮ್ಮ."

ತಮಾಮ್ ಕೊಡ ಎತ್ತಿಕೊಂಡು ಬಾವಿಕಟ್ಟೆಗೆ ಹೋಗುತ್ತಿದ್ದಳು. ಖಲೀಲ್ ಪಟ್ಟಣದ ಸಂತೆಯಲ್ಲಿ ಒಂಟೆಯೊಂದು ಮಾತಾಡಿತಂತೆ, ತನ್ನ ಒಡೆಯನ ಗುಟ್ಟೆಲ್ಲ ರಟ್ಟು ಮಾಡಿತಂತೆ ಎಂದು ಒಂದಿಷ್ಟೂ ನಗದೆ ಹೇಳುತ್ತಿದ್ದಳು. "ಏನೇ, ನಿಮ್ಮಪ್ಪನ ಬಾನಿ ಮತ್ತೆ ಹುಳಿ ಬಂತಾ?" ಎಂದು ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಕ್ಕರೂ ಆ ಒಂಟೆಯನ್ನು ಮನೆಗೆ ಹೊತ್ತುಕೊಂಡೇ ಹೋಗುತ್ತಿದ್ದರು. ಸಂಜೆಯಷ್ಟರಲ್ಲಿ ಬಾನಿ ತಾಮ್ರದ ಬಣ್ಣದ ನೊರೆ ಕಟ್ಟಿರುತ್ತಿತ್ತು. ಹೀಗಾಗಿ ಆ ಊರಲ್ಲಿ ಬಣ್ಣದವರ ಮನೆಯ ಮಾತನ್ನು ಯಾರೂ ತೂಗಿ ನೋಡುತ್ತಿರಲಿಲ್ಲ. ಕೇಳಿ, ನಕ್ಕು, ಮುಂದಕ್ಕೆ ಸಾಗಿಸುತ್ತಿದ್ದರು.

ಐದನೆಯ ಹೆಣ್ಣು ಹುಟ್ಟಿದಾಗ ಇನ್ನು ಮುಗಿಯಿತು, ಸಾಕು ಎಂಬ ಅರ್ಥದಲ್ಲಿ ಅವಳಿಗೆ ತಮಾಮ್ ಎಂದು ಹೆಸರಿಟ್ಟಿದ್ದರು. ಅಮ್ಮ ಹೋದಮೇಲೆ ಅವಳನ್ನು ಬೆಳೆಸಿದ್ದು ಅಜ್ಜಿ ವತ್ಫಾ. ಬೆಳೆಸಿದ್ದು ಅನ್ನುವುದಕ್ಕಿಂತ ಕಥೆ ತಿನ್ನಿಸಿದ್ದು ಅನ್ನಬೇಕು. ಆ ಕಥೆಗಳಲ್ಲಿ ಭೂತದ ಮಗಳೊಬ್ಬಳು ಚಂದ್ರನನ್ನು ತನ್ನ ನಿಲುವಂಗಿಗೆ ಹೊಲಿದುಕೊಂಡಿದ್ದಳು, ಪಾಪ, ಚಂದ್ರ ಮುಳುಗಲಾರದೆ ಅವಳ ಎದೆಯ ಮೇಲೇ ಹಣ್ಣಾಗಿ ಹೋದ. ಹದಿನೇಳು ತುಂಬಿದರೂ ತಮಾಮ್ ಅರ್ಧ ಆ ಲೋಕದಲ್ಲೇ ಇರುತ್ತಿದ್ದಳು. ಅಲ್ಲಿಂದ ಇಲ್ಲಿಗೆ ಅವಳು ತರಬೇಕೆಂದಿದ್ದುದು ಒಂದೇ ಒಂದು: ತನ್ನ ಮದುವೆಯ ನಿಲುವಂಗಿಯ ಎದೆಪಟ್ಟಿ. ಎರಡು ವರ್ಷ ಎಳೆ ಎಣಿಸಿ ಎಣಿಸಿ ಕೆಂಪು ರೇಷ್ಮೆಯಲ್ಲಿ ಅದನ್ನು ಮುಗಿಸಿದ್ದಳು. ಸರ್ವೆಮರಗಳು ಸರ್ವೆಮರಗಳ ಜಾಗದಲ್ಲಿದ್ದವು, ಹಕ್ಕಿಗಳು ಹಕ್ಕಿಗಳ ಜಾಗದಲ್ಲಿ. ಒಂದು ಎಳೆಯೂ ತಪ್ಪಿರಲಿಲ್ಲ.

ಅಜ್ಜಿ ಅದನ್ನು ಬೆಳಕಿಗೆ ಹಿಡಿದು ನೋಡಿ ಮಡಿಸಿಟ್ಟಿದ್ದಳು. "ಚೆನ್ನಾಗಿದೆ ಮಗಳೇ. ಸಂತೇಲಿ ಸಾಲಾಗಿ ಜೋಡಿಸಿಟ್ಟ ಮೀನಿನ ಹಾಗಿದೆ. ಒಂದೂ ಉಸಿರಾಡಲ್ಲ."

ಆ ಮಾತು ತಮಾಮಳ ಗಂಟಲಲ್ಲಿ ಮುಳ್ಳಿನಂತೆ ಉಳಿದುಬಿಟ್ಟಿತ್ತು.

ಬಣ್ಣದ ಮನೆಗೆ ಕೆಂಪು ಕಸೂತಿಯ ನಿಲುವಂಗಿಗಳು ಬರುತ್ತಿದ್ದುದು ಒಂದೇ ಕಾರಣಕ್ಕೆ. ಗಂಡ ಸತ್ತವಳು ತನ್ನ ಮದುವೆಯ ನಿಲುವಂಗಿಯನ್ನು ನೀಲಿಯಲ್ಲಿ ಮುಳುಗಿಸಿ, ನಲವತ್ತನೆಯ ದಿನ ಅದನ್ನೇ ತೊಟ್ಟು ಗೋರಿಗೆ ಹೋಗಬೇಕು. ಬಾನಿಗೆ ಹೋಗುವ ಮೊದಲು ಅವನ್ನು ನೆನೆಹಾಕುವುದು ತಮಾಮಳ ಕೆಲಸ. ಅವಳು ಕಲಿತ ಚಿತ್ತಾರವೆಲ್ಲ ಹಾಗೆ ಕಲಿತದ್ದು. ಇವತ್ತು ನೋಡಿದ್ದು ನಾಳೆ ಇರುವುದಿಲ್ಲವೆಂಬ ಅವಸರದಲ್ಲಿ, ಯಾರದೋ ಅಳು ಇನ್ನೂ ಆರದ ಬಟ್ಟೆಯ ಮೇಲೆ ಬೆರಳಾಡಿಸುತ್ತ.

ಆ ವರ್ಷ ಇಂಗ್ಲಿಷರ ರಸ್ತೆಗೆಂದು ಕಲ್ಲು ಒಡೆಯುತ್ತಿದ್ದ ಗಣಿಯಲ್ಲಿ ಬಂಡೆ ಉರುಳಿ ಕೆಳಗಿನ ಕೇರಿಯ ಜಬ್ರ್ ಸತ್ತ. ಅವನ ಹೆಂಡತಿ ಸಬ್ಹಾ ಅತ್ತೆಯ ಹಿಂದೆ ಬಣ್ಣದ ಮನೆಯ ಮೆಟ್ಟಿಲಿಳಿದು ಬಂದಾಗ ನಲವತ್ತಕ್ಕೆ ಇನ್ನೂ ಹನ್ನೆರಡು ದಿನವಿತ್ತು. ಸೊಂಟದ ಮೇಲೆ ಮೂರು ವರ್ಷದ ಗಾಝಿ, ನಿಲುವಂಗಿಯ ಅಂಚು ಹಿಡಿದುಕೊಂಡು ಆರು ವರ್ಷದ ನಿಮ್ರ್. ಅತ್ತೆಯನ್ನು ಊರೆಲ್ಲ ಹಿರಿಮಗನ ಹೆಸರಿನಿಂದ ಉಮ್ ನಾಯಿಫ್, ನಾಯಿಫನ ತಾಯಿ, ಎಂದು ಕರೆಯುತ್ತಿತ್ತು. ನಿಲುವಂಗಿಯ ಗಂಟು ಬಿಚ್ಚಿದವಳು ಅವಳೇ.

"ಮೂರು ಸಲ ಅದ್ದಬೇಕು ಮಸ್ಊದ್. ನಾಲ್ಕಾದ್ರೂ ಸರಿ. ಕೆಂಪು ಒಂದೆಳೆ ಮಿನುಗಿದ್ರೂ ಊರು ಸುಮ್ನಿರಲ್ಲ."

"ಮಸಿ ಹಾಗೆ ಮಾಡಿಕೊಡ್ತೀನಿ ಉಮ್ ನಾಯಿಫ್. ದೇವರು ಜಬ್ರ್‌ಗೆ ಒಳ್ಳೇದು ಮಾಡ್ಲಿ."

"ಮಾಡ್ಲಿ. ಇವಳಿಗಿನ್ನೂ ಇಪ್ಪತ್ತಾರು, ಕಣ್ಣು ನೋಡಿದ್ರೆ ಇಪ್ಪತ್ತು ಅನ್ಸುತ್ತೆ. ನಾನು ಇವಳಿಗೆ ಹೇಳಿಬಿಟ್ಟಿದೀನಿ, ಎಲ್ಲಿವರೆಗೂ ನೀಲೀಲಿರ್ತೀಯೋ ಅಲ್ಲಿವರೆಗೂ ಈ ಮಕ್ಕಳಿಗೆ ನೀನು ತಾಯಿ. ಕೆಂಪಿನ ಮೇಲೆ ಆಸೆ ಬಂತೋ, ಅವತ್ತೇ ಮಕ್ಕಳು ನಾಯಿಫ್ ಮನೇಲಿ, ನೀನು ನಿಮ್ಮಪ್ಪನ ಮನೇಲಿ."

"ನಾನೆಲ್ಲಿಗೆ ಹೋಗ್ಲಿ ಅತ್ತೆ," ಎಂದಳು ಸಬ್ಹಾ. ಅಷ್ಟು ಹೇಳಲೂ ಅವಳಿಗೆ ದಣಿವಾದಂತಿತ್ತು.

ಉಮ್ ನಾಯಿಫ್ ಬಾನಿಯ ಹದ ನೋಡಲು ಒಳಗೆ ಹೋದಳು. ಕಲ್ಲುಬೆಂಚಿನ ಮೇಲೆ ಹರಡಿದ್ದ ನಿಲುವಂಗಿಯನ್ನು ಕಂಡು ತಮಾಮ್ ನಿಂತಲ್ಲೇ ನಿಂತಿದ್ದಳು. ಅದರ ಎದೆಪಟ್ಟಿಯಲ್ಲಿ ಸರ್ವೆಮರಗಳು ನೆಟ್ಟಗಿರಲಿಲ್ಲ, ಎಲ್ಲಿಂದಲೋ ಗಾಳಿ ಬೀಸಿದಂತೆ ಒಂದರ ಮೇಲೊಂದು ಬಾಗಿದ್ದವು. ಯಾರೂ ಹಾಕದ ಕಡೆ, ಕಡುಗೆಂಪಿನ ನಡುವೆ, ಜಲ್ದರು ಹಣ್ಣಿನ ಹಳದಿ ಎಳೆಯೊಂದು ಹಾದುಹೋಗಿತ್ತು. ಹಕ್ಕಿಗಳ ಸಾಲೊಂದು ಮುಂದೆ ನೋಡುತ್ತಿದ್ದರೆ ಕೊನೆಯ ಹಕ್ಕಿ ಮಾತ್ರ ಕತ್ತು ಹೊರಳಿಸಿ ಹಿಂದೆ ನೋಡುತ್ತಿತ್ತು.

"ಅಕ್ಕಾ, ಈ ಹಕ್ಕಿ..."

"ಅದಾ?" ಸಬ್ಹಾ ಬಗ್ಗಿ ನೋಡಿದಳು. "ನಾನು ಬಾಗಿಲಲ್ಲಿ ಕೂತು ಹಾಕ್ತಿದ್ದೆ. ಅವರು ಕತ್ತೆ ಹೊಡಕೊಂಡು ಹೋದ್ರು. ಮದುವೆಗೆ ಮುಂಚೆ. ನಾನು ತಿರುಗಿ ನೋಡ್ದೆ. ಆಮೇಲೆ ನೋಡಿದ್ರೆ ಹಕ್ಕೀನೂ ತಿರುಗಿಬಿಟ್ಟಿತ್ತು. ಬಿಚ್ಚು ಅಂದ್ರು ನಮ್ಮಮ್ಮ. ಬಿಚ್ಚಲಿಲ್ಲ."

ಗಾಝಿ ಕೆಮ್ಮಿದ. ಅವಳು ಅವನ ಬೆನ್ನು ನೀವುತ್ತ ಮೆಟ್ಟಿಲು ಹತ್ತಿ ಹೋದಳು.

ಆ ಮಧ್ಯಾಹ್ನ ಮಸ್ಊದ್ ಮಲಗಿದ್ದಾಗ ತಮಾಮ್ ನಿಲುವಂಗಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. ಎಳೆ ಎಣಿಸಿ ತನ್ನ ಚಿಂದಿಯ ಮೇಲೆ ನಕಲು ಮಾಡಲು ಹೋದಳು, ಆಗಲಿಲ್ಲ. ಬಾಗಿದ ಮರಗಳನ್ನು ಎಣಿಕೆಗೆ ಹಿಡಿದ ಕೂಡಲೇ ಅವು ನೆಟ್ಟಗಾಗುತ್ತಿದ್ದವು, ಹಳದಿ ಎಳೆ ಅವಳ ಸೂಜಿಯಲ್ಲಿ ಬರೀ ಹಳದಿ ದಾರವಾಗುತ್ತಿತ್ತು. ಇದನ್ನು ಒಂದು ದಿನ ನೋಡಿ ಕಲಿಯುವುದಲ್ಲ, ಇದರ ಜೊತೆ ಬದುಕಬೇಕು ಅನ್ನಿಸಿತು. ನಾಳೆ ಬೆಳಿಗ್ಗೆ ಇದು ಬಾನಿಯೊಳಗೆ ಹೋಗುತ್ತದೆ. ಆಮೇಲೆ ಈ ಗಾಳಿ, ಈ ಹಕ್ಕಿ, ಈ ಹಳದಿ ಎಲ್ಲವೂ ಕತ್ತಲು ಕವಿದ ಗದ್ದೆಯ ಹಾಗೆ. ಅಯ್ಯೋ ಅನ್ನಿಸಿತು ಅವಳಿಗೆ. ಸಬ್ಹಾಳಿಗಾಗಿ ಅಲ್ಲ, ಎದೆಪಟ್ಟಿಗಾಗಿ.

ಆ ಕಡೆ ಎದೆಪಟ್ಟಿಯನ್ನು ಬೇರೆಯಾಗಿಯೇ ಕಸೂತಿ ಮಾಡಿ ಆಮೇಲೆ ನಿಲುವಂಗಿಗೆ ಹೊಲಿಯುತ್ತಾರೆ. ಬಟ್ಟೆ ಸವೆದರೆ ಪಟ್ಟಿ ಬಿಚ್ಚಿ ಹೊಸದಕ್ಕೆ ಹಾಕಿಕೊಳ್ಳುವುದುಂಟು. ಬಿಚ್ಚಲು ಹೆಚ್ಚು ಹೊತ್ತು ಬೇಕಿರಲಿಲ್ಲ. ಪೆಟ್ಟಿಗೆಯ ತಳದಿಂದ ತನ್ನ ಎರಡು ವರ್ಷದ ಕೆಲಸವನ್ನು ತೆಗೆದು ಆ ಜಾಗಕ್ಕಿಟ್ಟಳು. ಅಳತೆ ಹೆಚ್ಚುಕಡಿಮೆ ಸರಿಹೋಯಿತು. ಮೂರು ಸಲ ಅದ್ದಿದ ಮೇಲೆ ಯಾವುದು ಯಾರ ಕೈಯದೆಂದು ಯಾರಿಗೆ ಗೊತ್ತಾಗುತ್ತದೆ? ವಿಧವೆಯ ಎದೆಯನ್ನು ಯಾರು ದಿಟ್ಟಿಸಿ ನೋಡುತ್ತಾರೆ? ತನ್ನ ಮೀನುಗಳನ್ನು ನೀಲಿಗೆ ಕೊಟ್ಟು ಇದನ್ನು ಉಳಿಸಿಕೊಂಡರೆ ಯಾರಿಗೂ ನಷ್ಟವಿಲ್ಲ ಎಂದುಕೊಂಡಳು. ಹೊಲಿಗೆ ಮುಗಿಸಿ ನಿಲುವಂಗಿಯನ್ನು ನೆನೆಹಾಕಿದಳು.

ಮರುದಿನ ಬಾನಿಯಿಂದ ನಿಲುವಂಗಿ ಮೇಲೆ ಬಂದಾಗ ಹಸಿರಾಗಿತ್ತು, ಪಾಚಿಯ ಹಸಿರು. ಗಾಳಿ ತಾಕುತ್ತಿದ್ದಂತೆ ಅಂಚಿನಿಂದ ನೀಲಿ ಏರಿಕೊಂಡು ಬಂತು. ಎರಡನೆಯ ಸಲ ಅದ್ದಿದಾಗ ಕೆಂಪು ಕಂದಿತು. ಮೂರನೆಯ ಸಲಕ್ಕೆ ಒಣಗಿದ ರಕ್ತದ ಬಣ್ಣಕ್ಕೆ ಬಂದು ನಿಂತಿತು. ಉಮ್ ನಾಯಿಫ್ ಬಂದು ಮಡಿಸಿದ್ದನ್ನು ಮಡಿಸಿದಂತೆಯೇ ತೆಗೆದುಕೊಂಡು ಹೋಗಿ ತನ್ನ ಪೆಟ್ಟಿಗೆಯಲ್ಲಿಟ್ಟಳು.

ಆಮೇಲಿನ ದಿನಗಳಷ್ಟು ಸುಖದ ದಿನಗಳನ್ನು ತಮಾಮ್ ಕಂಡಿರಲಿಲ್ಲ. ಕಸ ಗುಡಿಸಿ, ರೊಟ್ಟಿ ತಟ್ಟಿ, ಹಿಂದಿನ ಕೋಣೆ ಸೇರಿದರೆ ಆಯಿತು. ಸಬ್ಹಾಳ ಎದೆಪಟ್ಟಿಯನ್ನು ಗೋಡೆಗೆ ಒರಗಿಸಿಟ್ಟು ಅದರ ಮುಂದೆ ಹೊಸ ಬಟ್ಟೆ ಹಿಡಿದು ಕೂರುತ್ತಿದ್ದಳು. ನಕಲು ಮಾಡುವ ಆಸೆಯೇ ಹೊರಟುಹೋಗಿತ್ತು. ನೋಡುತ್ತ ನೋಡುತ್ತ ತನ್ನದೇ ಏನೋ ಬರುತ್ತಿತ್ತು: ಬಾವಿಯೊಳಗೆ ಬಗ್ಗಿ ನೋಡುವ ಮರ, ಅಜ್ಜಿಯ ಕಥೆಯ ಚಂದ್ರ, ಬಾನಿಯ ನೊರೆಯ ತಾಮ್ರದ ಬಣ್ಣ. ಅಜ್ಜಿ ಒಂದು ದಿನ ಅದನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದಳು.

"ಉಸಿರಾಡ್ತಿದೆ ಕಣೇ," ಎಂದಳು. ಆಮೇಲೆ ಗೋಡೆಯ ಕಡೆ ಕಣ್ಣು ಹಾಯಿಸಿ, "ಅದು ಯಾರದು?" ಎಂದಳು.

"ಸಂತೇಲಿ ಸಿಕ್ತು."

ಅಜ್ಜಿ ಮೊಮ್ಮಗಳ ಮುಖ ನೋಡಿದಳು. ಏನನ್ನಿಸಿತೋ, ಕೋಲು ಹಿಡಿದು ಎದ್ದು ಹೋದಳು.

ನಲವತ್ತು ಕಳೆದ ಮೂರನೆಯ ಬೆಳಿಗ್ಗೆ ಸಬ್ಹಾ ಒಬ್ಬಳೇ ಬಂದಳು. ನೀಲಿ ನಿಲುವಂಗಿ ತೊಟ್ಟಿದ್ದಳು. ಮಸ್ಊದ್ ಬಾನಿ ಕಲಕುತ್ತಿದ್ದ. ಅವಳು ತಮಾಮಳ ಎದುರು ನಿಂತು ತಲೆವಸ್ತ್ರವನ್ನು ಎದೆಯಿಂದ ಸರಿಸಿದಳು.

"ಇದು ನನ್ನ ಕೈಕೆಲಸ ಅಲ್ಲ."

ತಮಾಮ್ ಕೈಯಲ್ಲಿದ್ದ ಬಟ್ಟೆಯನ್ನು ಹಿಂಡುತ್ತಲೇ ಇದ್ದಳು.

"ಕತ್ತಲೆ ಕೋಣೇಲಿ ಹಾಕ್ಕೊಂಡು ಹೋದೆ. ನಂಗೆ ಯಾವುದರ ಮೇಲೂ ಗ್ಯಾನ ಇರಲಿಲ್ಲ. ಗೋರಿ ಹತ್ರ ಬಿಸಿಲಲ್ಲಿ ಅತ್ತೆ ನೋಡಿದ್ರು. ಎಂಟು ವರ್ಷ ಈ ಎದೆ ನೋಡ್ಕೊಂಡೇ ಬೈದಿದಾರೆ ನನ್ನ, ಅವರಿಗೆ ಗೊತ್ತಾಗಲ್ವಾ? ಹಕ್ಕಿಗಳೆಲ್ಲ ಮುಂದೆ ನೋಡ್ತಿವೆ ಅಂದ್ರು. ಕೆಂಪು ಪಟ್ಟಿ ಎಲ್ಲಿ ಬಚ್ಚಿಟ್ಟಿದೀಯ, ಯಾವನಿಗೋಸ್ಕರ ಇಟ್ಕೊಂಡಿದೀಯ ಅಂತ ಎಲ್ಲರೆದುರಿಗೆ ಕೇಳಿದ್ರು." ಅವಳು ಉಸಿರೆಳೆದುಕೊಂಡಳು. "ನಾಯಿಫ್ ಭಾವ ಹಿರಿಯರನ್ನ ಕರೆಸ್ತಿದಾರೆ. ಜಬ್ರ್ ಪಾಲಿನ ಆಲಿವ್ ಮರಗಳೂ ಮಕ್ಕಳ ಜೊತೆಗೇ ಹೋಗ್ತವೆ ನೋಡು, ಅದಕ್ಕೇ ಅವಸರ. ತಮಾಮ್, ನಿನ್ನತ್ರ ಏನಾದ್ರೂ ಇದ್ರೆ ಹೇಳು. ನಾನು ಬಯ್ಯಲ್ಲ. ನೀನು ಬಂದು ಒಂದು ಮಾತು ಹೇಳಿದ್ರೆ ಸಾಕು."

ಮಸ್ಊದ್ ಕೋಲು ನಿಲ್ಲಿಸಿ ಇತ್ತ ತಿರುಗಿದ. "ಏನಮ್ಮ ಅದು?"

ಅಪ್ಪನ ಕಣ್ಣಿಗೆ ತಮಾಮ್ ಹೆದರಿದಳು ನಿಜ. ಕೊಟ್ಟ ಬಟ್ಟೆಯಲ್ಲಿ ಕಳ್ಳತನವಾಯಿತೆಂದರೆ ಆ ಬಾಗಿಲಿಗೆ ಇನ್ನು ಯಾರೂ ಬರುವುದಿಲ್ಲ ಎಂಬುದೂ ನಿಜ. ಆದರೆ ಆ ಕ್ಷಣ ಅವಳ ಮನಸ್ಸಿಗೆ ಮೊದಲು ಬಂದದ್ದು ಇವೆರಡೂ ಅಲ್ಲ. ಹಿಂದಿನ ಕೋಣೆಯ ಹೊಸ ಪಟ್ಟಿಯಲ್ಲಿ ಇನ್ನೊಂದು ಮೂಲೆ ಉಳಿದಿತ್ತು. ನಾಲ್ಕು ದಿನ, ಬರೀ ನಾಲ್ಕು ದಿನ ಆ ಕೆಂಪು ಗೋಡೆಯ ಮೇಲೆ ಇದ್ದರೆ ಸಾಕಿತ್ತು.

"ನಂಗೇನ್ ಗೊತ್ತು ಅಕ್ಕಾ," ಎಂದಳು. "ಬಂದಿದ್ದನ್ನ ಅದ್ದಿದ್ವಿ."

ಸಬ್ಹಾ ಅವಳನ್ನೇ ನೋಡಿದಳು. ಕೂಗಾಡಲಿಲ್ಲ, ಶಪಿಸಲಿಲ್ಲ. ತಲೆವಸ್ತ್ರವನ್ನು ಎದೆಯ ಮೇಲೆ ಎಳೆದುಕೊಂಡು ಮೆಟ್ಟಿಲು ಹತ್ತಿದಳು.

ನಾಲ್ಕು ದಿನ ಬೇಕಾಗಲಿಲ್ಲ. ಮೂರನೆಯ ದಿನವೇ ಆ ಮೂಲೆ ತುಂಬಿತು. ಅದೇ ದಿನ ಬಾವಿಕಟ್ಟೆಯಲ್ಲಿ ಸುದ್ದಿ ಸಿಕ್ಕಿತು. ಹಿರಿಯರು ಕೂತಿದ್ದರು, ಕಾಫಿ ಕುಡಿದಿದ್ದರು, ತೀರ್ಪಾಗಿತ್ತು. ಕೆಂಪು ಬಚ್ಚಿಟ್ಟವಳ ಮನಸ್ಸು ಆಗಲೇ ಹೊಸಿಲು ದಾಟಿದೆ. ಮಕ್ಕಳು ತಂದೆಯ ಕಡೆಯವರು. ನಿಮ್ರ್ ಅಮ್ಮನ ಕಾಲು ಬಿಡಲಿಲ್ಲವಂತೆ, ಬೆರಳು ಒಂದೊಂದಾಗಿ ಬಿಡಿಸಬೇಕಾಯಿತಂತೆ. ಸಬ್ಹಾಳನ್ನು ಅವಳ ಅಣ್ಣ ಕತ್ತೆಯ ಮೇಲೆ ಕೂರಿಸಿಕೊಂಡು ಅಯ್ನ್ ಹಜಲಿಗೆ, ಅವಳ ತೌರಿಗೆ, ಕರೆದುಕೊಂಡು ಹೋದನಂತೆ.

ತಮಾಮ್ ಕೊಡ ಅಲ್ಲೇ ಬಿಟ್ಟಳು. ಮನೆಗೆ ಹೋಗಿ ಎದೆಪಟ್ಟಿಯನ್ನು ಬಗಲಲ್ಲಿಟ್ಟುಕೊಂಡು ಕೆಳಗಿನ ಕೇರಿಗೆ ಓಡಿದಳು. ಉಮ್ ನಾಯಿಫಳ ಅಂಗಳದಲ್ಲಿ ಐದಾರು ಹೆಂಗಸರು ಬೇಳೆ ಆರಿಸುತ್ತ ಕೂತಿದ್ದರು. ಗಾಝಿ ಕೋಳಿಗೂಡಿನ ಪಕ್ಕ ಮಣ್ಣಲ್ಲಿ ಕೂತಿದ್ದ.

"ನಾನು ತಗೊಂಡಿದ್ದು," ಎಂದಳು ತಮಾಮ್ ಏದುಸಿರು ಬಿಡುತ್ತ. "ಸಬ್ಹಕ್ಕಂಗೆ ಏನೂ ಗೊತ್ತಿಲ್ಲ. ನಾನೇ ಬಿಚ್ಚಿದ್ದು, ಎರಡು ವರ್ಷ ಕೂತು ಹಾಕಿದ ನನ್ನ ಮದುವೆ ಪಟ್ಟೀನೇ ಅಲ್ಲಿ ಹೊಲಿದಿದ್ದು."

ಬೇಳೆಯ ಮೇಲಿನ ಕೈಗಳು ನಿಂತವು. ಆಮೇಲೆ ಮೂಲೆಯಲ್ಲಿದ್ದವಳು ಕಿಸಕ್ಕನೆ ನಕ್ಕಳು.

"ಬಾನಿ ಹುಳಿ ಬಂತು ಅಂತ ಕಾಣುತ್ತೆ ಕಣ್ರೇ!"

"ಹೋದ ತಿಂಗಳು ಒಂಟೆ ಮಾತಾಡಿತ್ತು, ಈ ತಿಂಗಳು ಪಟ್ಟಿ ಕಾಲು ಬಂದು ನಡೀತು," ಎಂದಳು ಇನ್ನೊಬ್ಬಳು. "ಹೋಗೇ ಹುಡುಗಿ, ಸತ್ತ ಮನೆ ಇದು. ಬೇರೆ ಕಡೆ ಬಿಡು ನಿನ್ನ ಸುಳ್ಳು."

"ಸುಳ್ಳಲ್ಲ! ಅಲ್ಲಾನಾಣೆ ಸುಳ್ಳಲ್ಲ." ತಮಾಮ್ ಬಗಲಿಂದ ಪಟ್ಟಿ ತೆಗೆದು ಹರಡಿದಳು. ಬೆಳಗಿನ ಬಿಸಿಲಲ್ಲಿ ಅದು ಕೆಂಡದಂತೆ ಉರಿಯಿತು.

ನಗು ನಿಂತಿತು. ಉಮ್ ನಾಯಿಫ್ ಮೊರವನ್ನು ಕೆಳಗಿಟ್ಟು ಎದ್ದು ಬಂದು, ಕೊನೆಯ ಹಕ್ಕಿಯ ಮೇಲೆ ಬೆರಳಿಟ್ಟಳು.

"ಓಹೋ," ಎಂದಳು ನಿಧಾನಕ್ಕೆ. "ನಿನ್ನ ಹತ್ರ ಇಡೋಕೆ ಕೊಟ್ಟಿದ್ಲಾ?"

"ಇಲ್ಲ! ಅವರು ಕೊಟ್ಟಿಲ್ಲ, ನಾನೇ ಕದ್ದೆ. ನೋಡಿ ಕಲಿಯೋಕೆ."

"ನೋಡೋಕೆ ಕದ್ದೆ." ಉಮ್ ನಾಯಿಫ್ ಹೆಂಗಸರ ಕಡೆ ತಿರುಗಿದಳು. "ಕೇಳಿದ್ರೇನ್ರೇ? ಎರಡು ವರ್ಷ ಕೂತು ಹಾಕಿದ ತನ್ನ ಮದುವೆ ಪಟ್ಟೀನ ಕೊಟ್ಟು, ವಿಧವೆ ಪಟ್ಟಿ ತಗೊಂಡ್ಲಂತೆ. ನೋಡೋಕೆ! ಯಾವ ಹುಡುಗಿ ಹಾಗೆ ಮಾಡ್ತಾಳೆ? ಮೊನ್ನೆ ಅವಳು ಇವರ ಮನೆಗೆ ಒಬ್ಬಳೇ ಹೋಗಿದ್ದು ಯಾಕೆ ಅಂತ ಈಗ ಗೊತ್ತಾಯ್ತು. ಮಾತು ಕಲಿಸಿಕೊಟ್ಟು ಬಂದಿದಾಳೆ." ಅವಳ ದನಿಯಲ್ಲಿ ಸಿಟ್ಟಿಗಿಂತ ನಿರಾಳವೇ ಹೆಚ್ಚಿತ್ತು. ಈ ಕೆಲವು ದಿನ ಅವಳ ಮನಸ್ಸಲ್ಲೂ ಎಲ್ಲೋ ಒಂದು ಅನುಮಾನ ಕುಟುಕುತ್ತಿತ್ತೋ ಏನೋ, ಈಗ ಅದೂ ತೀರಿತು. "ನಾಯಿಫ್‌ನ ಕರೀರಿ. ಹಿರಿಯರಿಗೂ ಹೇಳಿ, ಪಟ್ಟಿ ಸಿಕ್ತು ಅಂತ. ಎಲ್ಲಿ ಬಚ್ಚಿಟ್ಟಿದ್ಲು ಅಂತಾನೂ ಹೇಳಿ."

ತಮಾಮ್ ಎಷ್ಟು ಆಣೆ ಇಟ್ಟರೂ, ಕುರ್‌ಆನಿನ ಮೇಲೆ ಕೈ ಇಡುತ್ತೇನೆಂದರೂ, ಅಷ್ಟಷ್ಟೂ ಅವರು ತಲೆ ಆಡಿಸಿದರು. ಹುಟ್ಟಿದಂದಿನಿಂದ ಅವರಿಗೆ ಅವಳು ಹೇಳಿದ್ದೆಲ್ಲ ಹೀಗೇ ಇತ್ತಲ್ಲ, ಮುಖ ಗಂಭೀರ ಮಾಡಿಕೊಂಡು, ಕಣ್ಣಲ್ಲಿ ಕಣ್ಣಿಟ್ಟು. ಉಮ್ ನಾಯಿಫ್ ಪಟ್ಟಿಯನ್ನು ಅವಳ ಎದೆಗೆ ಎಸೆದಳು. "ತಗೊಂಡು ಹೋಗಿ ಅವಳಿಗೇ ಕೊಡು. ಹಾಕ್ಕೊಂಡು ಮೆರೀಲಿ."

ಅಯ್ನ್ ಹಜಲ್ ಅಲ್ಲಿಂದ ಎರಡು ಗುಡ್ಡದಾಚೆ. ತಮಾಮ್ ನಡೆದೇ ಹೋದಳು. ಸಬ್ಹಾ ತಂದೆಯ ಮನೆಯ ಬಾಗಿಲಲ್ಲಿ ಗೋಡೆಗೆ ಒರಗಿ ಕೂತಿದ್ದಳು, ಅದೇ ನೀಲಿ ನಿಲುವಂಗಿಯಲ್ಲಿ. ಅವಳ ಎದೆಯ ಮೇಲೆ ತಮಾಮಳ ಮರಗಳು ನೆಟ್ಟಗೆ ನಿಂತಿದ್ದವು. ತಮಾಮ್ ನಡೆದದ್ದನ್ನೆಲ್ಲ ಹೇಳಿದಳು. ಹೇಳಿ ಮುಗಿಸಿ ಪಟ್ಟಿಯನ್ನು ಮುಂದೆ ಹಿಡಿದಳು.

ಸಬ್ಹಾ ಅದನ್ನು ಮುಟ್ಟಲಿಲ್ಲ.

"ನೋಡಿ ಕಲಿಯೋಕೆ ಅಂದ್ಯಾ?"

"ಹೂಂ."

"ಕಲಿತ್ಯಾ?"

ತಮಾಮಳಿಗೆ ಇಲ್ಲವೆಂದು ಸುಳ್ಳು ಹೇಳಬೇಕೆನ್ನಿಸಿತು, ಆಗಲಿಲ್ಲ. "ಹೂಂ," ಎಂದಳು.

ಸಬ್ಹಾ ತಲೆಯಾಡಿಸಿದಳು. "ಅದನ್ನ ನನ್ನ ಕೈಗೆ ಕೊಡಬೇಡ. ನನ್ನ ಹತ್ರ ಇದೆ ಅಂತ ಯಾರಾದ್ರೂ ನೋಡಿದ್ರೆ ಅವರು ಹೇಳಿದ್ದೆಲ್ಲ ನಿಜ ಆಗಿಬಿಡುತ್ತೆ. ನೀನೇ ಇಟ್ಕೋ."

"ನಾನೇನು ಮಾಡ್ಲಿ ಅಕ್ಕಾ? ಏನ್ ಮಾಡ್ಬೇಕು ಹೇಳಿ, ಮಾಡ್ತೀನಿ."

"ನೀನೇನು ಮಾಡ್ತೀಯ." ಆ ಮಾತಿನಲ್ಲಿ ಬೈಗುಳವಿರಲಿಲ್ಲ, ಲೆಕ್ಕ ಹಾಕಿ ನೋಡಿದಂತಿತ್ತು. ಆಮೇಲೆ ಏನೋ ನೆನಪಾದವಳಂತೆ ನೆಟ್ಟಗೆ ಕೂತಳು. "ಹೋಗ್ತಾ ಆ ಮನೆ ಮುಂದೇನೇ ಹೋಗ್ತೀಯಲ್ಲ. ಗಾಝಿಗೆ ಒಣರೊಟ್ಟಿ ಕೊಟ್ರೆ ನುಂಗೋಕೆ ಆಗಲ್ಲ, ಗಂಟಲಿಗೆ ಸಿಕ್ಕಿ ಕೆಮ್ಮು ಹತ್ತುತ್ತೆ. ಹಾಲಲ್ಲಿ ನೆನೆಸಿ ಕೊಡಬೇಕು. ಹಾಲಿಲ್ಲ ಅಂದ್ರೆ ಬಿಸಿನೀರಾದ್ರೂ ಸರಿ. ಅವನಿಗೆ ಕೇಳೋಕೆ ಬರಲ್ಲ, ಸುಮ್ನೆ ಹಸಿದುಕೊಂಡು ಇರ್ತಾನೆ. ಅದೊಂದು ಹೇಳಿಬಿಡು."

"ಹೇಳ್ತೀನಿ."

"ಮರೀಬೇಡ."

"ಇಲ್ಲ."

ಇಳಿಬಿಸಿಲಿನ ಹೊತ್ತಿಗೆ ತಮಾಮ್ ಮತ್ತೆ ಕೆಳಗಿನ ಕೇರಿಯಲ್ಲಿದ್ದಳು. ಉಮ್ ನಾಯಿಫಳ ಅಂಗಳದ ಬಾಗಿಲು ಹಾಕಿತ್ತು. ಒಳಗೆ ಮಗುವಿನ ಕೆಮ್ಮು ಕೇಳುತ್ತಿತ್ತು. ಅವಳು ಬಾಗಿಲು ಬಡಿದಳು. ಒಳಗೆ ಹೆಜ್ಜೆ ಸದ್ದು ಬಂತು. ಬಿರುಕಿನಲ್ಲಿ ಯಾರೋ ಇಣುಕಿ ನೋಡಿದರು, ಹೆಜ್ಜೆಗಳು ಹಿಂದಕ್ಕೆ ಹೋದವು.

"ಹಾಲಲ್ಲಿ ನೆನೆಸಿ ಕೊಡಿ!" ಎಂದು ಅವಳು ಬಾಗಿಲ ಮರಕ್ಕೆ ಬಾಯಿ ಹಚ್ಚಿ ಕೂಗಿದಳು. "ರೊಟ್ಟೀನ ಹಾಲಲ್ಲಿ ನೆನೆಸಿ ಕೊಡಿ! ಒಣಗಿದ್ದು ಅವನಿಗೆ ಆಗಲ್ಲ!"

ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ನೋಡಿದರು. ಒಬ್ಬ ನಕ್ಕು ಏನೋ ಅಂದ, ಇಬ್ಬರೂ ಮುಂದೆ ಹೋದರು. ಬಾಗಿಲು ತೆರೆಯಲಿಲ್ಲ. ತಮಾಮ್ ಮತ್ತೊಮ್ಮೆ ಕೂಗಿದಳು, ಮತ್ತೊಮ್ಮೆ ಕೂಗಿದಳು. ಒಳಗೆ ಕೆಮ್ಮು ನಿಲ್ಲಲಿಲ್ಲ.